ಅಕ್ಕೋರ ಹೆಸರಲ್ಲಿ ಹೋದ ಉತ್ತರ

ವರದಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅದನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಹೆಂಗಸು. ಪ್ರಾಯದಲ್ಲಿ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಸುತ್ತಲಿನವರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಬೇರೆ ಹೆಸರು ಇದ್ದಿರಬಹುದು. ಯಾರಿಗೂ ನೆನಪಿರಲಿಲ್ಲ.

ಅವರ ಬಳಿಗೆ ಕಲ್ಮೇಶ ಎಂಬ ಯುವಕ ಶಿಷ್ಯನಾಗಲು ಬಂದ.

"ನಿನಗ ಏನ್ ಬರ್ತೈತಿ?" ಎಂದು ಅಕ್ಕೋರು ಕೇಳಿದರು.

"ಧ್ಯಾನ ಬರೂದಿಲ್ರಿ. ಶಾಸ್ತ್ರ ಬರೂದಿಲ್ಲ. ಮೇಲ್ ಸರ್ವರ್ ನಡಸೂದು ಬರ್ತೈತಿ."

"ಅಂದ್ರ?"

"ಮಂದಿ ಕಳಿಸಿದ ಇಮೇಲ್ ತಗೊಂಡು, ಯಾರದು ಅವರಿಗೆ ಮುಟ್ಟಸೋ ಯಂತ್ರ ರೀ. ಅಂಚೆ ಕಚೇರಿ ಇದ್ದಂಗ."

ಅಂಚೆ ಕಚೇರಿ ಎಂದದ್ದು ಅಕ್ಕೋರಿಗೆ ತಿಳಿಯಿತು.

"ಮಂದಿ ತಮ್ಮ ಕಷ್ಟ ನನಗ ಬರೀತಾರ. ಅದು ಹೋಗಿ ಯಾವುದೋ ದೊಡ್ಡ ಕಂಪನಿ ಮನ್ಯಾಗ ಬಿದ್ದಿರ್ತೈತಿ. ನಮ್ಮ ಮನ್ಯಾಗ ಇಟ್ಟುಕೊಳ್ಳಾಕ ಬರ್ತೈತೇನು?"

"ಬರ್ತೈತ್ರಿ."

"ಹಂಗಾರ ಅದನ್ನ ಮಾಡು. ಧ್ಯಾನ ಆಮ್ಯಾಲೆ ನೋಡೂಣು."

ಕಟ್ಟಿಗೆ ಒಟ್ಟುವ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಕಲ್ಮೇಶ ಅಲ್ಲಿ ಯಂತ್ರ ಹೂಡಿದ. ಹತ್ತಿರದ ಪಟ್ಟಣದ ಒಂದು ಸಣ್ಣ ಕಂಪನಿ ಇಂಟರ್ನೆಟ್ಟಿನ ತಂತಿ ಎಳೆದು ಕೊಟ್ಟಿತು. ಸ್ವಲ್ಪ ದಿನಗಳಲ್ಲೇ ಅಕ್ಕೋರ ಪತ್ರಗಳು ಆಶ್ರಮದ ಸೂರಿನ ಕೆಳಗೇ ಬಂದಿಳಿಯತೊಡಗಿದವು.

ಬೆಳಗಾದರೆ ಅಕ್ಕೋರು ಕನ್ನಡಕ ಏರಿಸಿ ಓದಲು ಕೂರುತ್ತಿದ್ದರು. ಗಂಡನನ್ನು ಕಳೆದುಕೊಂಡವಳು ಬರೆಯುತ್ತಿದ್ದಳು. ಪರೀಕ್ಷೆಯಲ್ಲಿ ನಪಾಸಾದವನು ಬರೆಯುತ್ತಿದ್ದ. ಅಣ್ಣನೊಡನೆ ಮಾತು ಬಿಟ್ಟವರು, ನಿದ್ದೆ ಬಾರದವರು, ನಿದ್ದೆಯಿಂದ ಏಳಲು ಮನಸ್ಸಾಗದವರು. ಅಕ್ಕೋರು ಒಬ್ಬೊಬ್ಬರಿಗೂ ಒಂದೆರಡು ಸಾಲು ಉತ್ತರ ಬರೆಯುತ್ತಿದ್ದರು.

ಸ್ಪ್ಯಾಮ್ ಎಂಬ ಕಸದ ಪತ್ರ ಬಂದರೆ ಅದನ್ನೂ ಓದುತ್ತಿದ್ದರು.

ಒಂದು ದಿನ ಕಲ್ಮೇಶ ಅವರ ಹೆಗಲ ಹಿಂದಿನಿಂದ ಇಣುಕಿ ಹೌಹಾರಿದ.

"ಅಕ್ಕೋರ, ಯಾರಿಗೆ ಬರಿಯಾಕತ್ತೀರಿ?"

"ಯಾರೋ ಪಾಪ, ನನಗ ಲಾಟರಿ ಹತ್ತೈತಿ ಅಂತ ತಿಳಿಸ್ಯಾರ. ನಾ ಲಾಟರಿ ತಗೊಂಡೇ ಇಲ್ಲ. ಹತ್ತಿದ್ದು ಬ್ಯಾರೆ ಯಾರಿಗೋ ಇರಬೇಕು, ಹುಡುಕಿ ಅವರಿಗೆ ಮುಟ್ಟಸ್ರಿ ಅಂತ ಬರದೆ."

"ಅವರು ಮೋಸಗಾರರು ರೀ!"

"ಹೌದಾ? ನನ್ನ ಆರೋಗ್ಯ ಹ್ಯಾಂಗೈತಿ ಅಂತ ಮದಲಿಗೇ ಕೇಳ್ಯಾರಲ್ಲ."

ಆ ಒಂದು ಉತ್ತರ ಸಾಕಾಯಿತು. ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ಮೋಸಗಾರರಿಗೆಲ್ಲ ತಿಳಿದುಹೋಯಿತು. ಕೂದಲು ಬೆಳೆಸುವ ಎಣ್ಣೆ, ಬ್ಯಾಂಕಿನವರ ಸೋಗು ಹಾಕಿದವರು, ತೂಕ ಇಳಿಸುವ ಪುಡಿ, ಸತ್ತುಹೋದ ಪರದೇಶಿ ಸಾಹುಕಾರರ ಆಸ್ತಿ. ಕಸದ ಹೊಳೆಯೇ ಹರಿದುಬಂತು. ಮಗನ ಬಗ್ಗೆ ಅಳುತ್ತಾ ಬರೆದ ತಾಯಿಯ ಪತ್ರ ಎರಡು ಎಣ್ಣೆ ಜಾಹೀರಾತುಗಳ ನಡುವೆ ಸಿಕ್ಕಿಕೊಂಡಿರುತ್ತಿತ್ತು.

ಕಲ್ಮೇಶನಿಗೆ ಇದನ್ನು ಸಹಿಸಲಾಗಲಿಲ್ಲ.

ಅವನು ಸರ್ವರಿಗೆ ಫಿಲ್ಟರು ಹಾಕಿದ. ಕೆಟ್ಟ ಪದಗಳಿದ್ದ ಪತ್ರ ನಿಂತಿತು. ಕೆಟ್ಟ ವಿಳಾಸದಿಂದ ಬಂದದ್ದು ನಿಂತಿತು. ಆದರೂ ಒಂದು ವಿಳಾಸ ತಡೆದರೆ ಅದರ ಪಕ್ಕದ್ದರಿಂದ ಬರುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಮನೆ ನಂಬರಿನಂತೆ ಒಂದು ನಂಬರು ಇರುತ್ತದೆ. ಒಂದೇ ಕಂಪನಿಯಿಂದ ಪಡೆದ ನಂಬರುಗಳು ಒಂದೇ ಓಣಿಯ ಮನೆಗಳಂತೆ ಅಕ್ಕಪಕ್ಕ ಇರುತ್ತವೆ. ಕಲ್ಮೇಶ ಮನೆಗಳನ್ನು ಬಿಟ್ಟು ಓಣಿಗಳನ್ನೇ ಮುಚ್ಚತೊಡಗಿದ. ಒಂದು ಮನೆಯಿಂದ ಕಸ ಬಂದರೆ ಓಣಿಗೆ ಓಣಿಯೇ ಬಂದ್.

ತಡೆದ ಪತ್ರ ಕಳಿಸಿದವರಿಗೆ ಯಂತ್ರದಿಂದ ಒಂದು ಉತ್ತರ ಹೋಗಬೇಕಲ್ಲ. ಅದನ್ನೂ ಅವನೇ ಬರೆದ. ಬೇಸರದಲ್ಲಿ ಬರೆದ.

"ಈ ಆಶ್ರಮಕ್ಕೆ ನಿಮ್ಮ ಪತ್ರ ಬೇಕಾಗಿಲ್ಲ. ಮತ್ತೆ ಕಳಿಸಬೇಡಿ."

ಮರುದಿನ ಅಕ್ಕೋರ ಮುಂದೆ ಹೆಮ್ಮೆಯಿಂದ ನಿಂತ.

"ಅಕ್ಕೋರ, ಇವತ್ತು ಒಂದೂ ಕೆಟ್ಟ ಪತ್ರ ಬಂದಿಲ್ರಿ."

"ಚಲೋ ಪತ್ರ?"

"ಅವು ಎಲ್ಲಾ ಬಂದಾವ."

"ಎಲ್ಲಾ ಬಂದಾವ ಅಂತ ಹ್ಯಾಂಗ ಗೊತ್ತು?"

"ಇಲ್ಲೇ ಅದಾವಲ್ರಿ, ನೋಡ್ರಿ."

"ಬಂದದ್ದು ಕಾಣ್ತೈತಿ ತಮ್ಮಾ. ನಾ ಕೇಳಿದ್ದು ಬರದೇ ಇದ್ದದ್ದು."

ಕಲ್ಮೇಶ ನಕ್ಕ. ಯಂತ್ರದ ವಿಚಾರ ಅಕ್ಕೋರಿಗೆ ತಿಳಿಯುವುದು ಕಷ್ಟ ಎಂದುಕೊಂಡ.

ಹೊಳೆಯ ನೀರು ಇಳಿದು ದಂಡೆಯ ಮರಳು ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ತೊಂದರೆ ಶುರುವಾಯಿತು.

ನಿದ್ದೆ ಬಾರದ ಹುಡುಗಿಯೊಬ್ಬಳಿಗೆ ಅಕ್ಕೋರು ಬರೆದ ಉತ್ತರ ವಾಪಸು ಬಂತು. ಆಮೇಲೆ ಇನ್ನೊಂದು ಬಂತು. ಸಂಜೆಯೊಳಗೆ ಆ ದಿನ ಬರೆದದ್ದೆಲ್ಲ ತಿರುಗಿ ಬಂದು ಬಿದ್ದಿತ್ತು.

ಕಲ್ಮೇಶ ಊಟ ಬಿಟ್ಟು ಯಂತ್ರದ ಮುಂದೆ ಕೂತ. ಕಾರಣ ಸಿಕ್ಕಾಗ ಅವನ ಮುಖ ಕೆಂಪಾಯಿತು.

ಅಕ್ಕೋರು ಅಂಗಳದಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಅವನು ದಡದಡನೆ ಬಂದು ಎದುರಿಗೆ ನಿಂತ.

"ಅಕ್ಕೋರ, ನಮ್ಮನ್ನ ಬ್ಲಾಕ್‌ಲಿಸ್ಟಿಗೆ ಹಾಕ್ಯಾರ್ರಿ!"

"ಹಂಗಂದ್ರ?"

"ಕೆಟ್ಟ ಪತ್ರ ಕಳಸೋ ಯಂತ್ರಗಳ ಪಟ್ಟಿ ಇಟ್ಟವರು ಅದಾರ. ದೊಡ್ಡ ದೊಡ್ಡ ಮೇಲ್ ಕಂಪನಿಗಳು ಆ ಪಟ್ಟಿ ನೋಡೇ ಬಾಗಿಲು ತಗೀತಾವ. ಅದರಾಗ ನಮ್ಮ ನಂಬರು ಸೇರೈತಿ."

"ನಾವು ಏನು ಕೆಟ್ಟದ್ದು ಕಳಿಸಿದ್ವಿ?"

"ಏನೂ ಇಲ್ರಿ! ನಮಗ ಇಂಟರ್ನೆಟ್ ಕೊಟ್ಟ ಕಂಪನಿ ನಮ್ಮ ಬಾಜೂ ನಂಬರು ಬ್ಯಾರೆ ಯಾರಿಗೋ ಕೊಟ್ಟೈತಿ. ಅವರು ಊರ ಮಂದಿಗೆಲ್ಲ ಕಸ ಸುರವ್ಯಾರ. ಅವರ ಸಲುವಾಗಿ ಇಡೀ ಓಣಿನ ಬಂದ್ ಮಾಡ್ಯಾರ."

"ನೀ ಅವರಿಗೆ ತಿಳಿಸಿ ಹೇಳಲಿಲ್ಲೇನು?"

"ಬರದೆ. 'ನಿಮ್ಮ ಮನವಿ ತಲುಪಿದೆ, ಈ ವಿಳಾಸಕ್ಕೆ ಉತ್ತರಿಸಬೇಡಿ' ಅಂತ ಯಂತ್ರ ಉತ್ತರ ಕೊಡ್ತು. ಮತ್ತ ಬರದೆ. ಮತ್ತ ಅದನ್ನ ಹೇಳ್ತು."

"ಅನ್ಯಾಯ," ಎಂದರು ಅಕ್ಕೋರು.

ಗುರುವೇ ತನ್ನ ಪಕ್ಷಕ್ಕೆ ನಿಂತದ್ದು ಕಂಡು ಕಲ್ಮೇಶನ ಧ್ವನಿ ಏರಿತು.

"ಒಂದು ಪತ್ರ ತಗದು ಓದಿದ್ರ ತಿಳೀತಿತ್ತಲ್ರಿ, ನಾವು ಎಂಥವರು ಅಂತ!"

"ಓದಲಿಲ್ಲ."

"ಈ ಕಡೆ ಮನುಷ್ಯರು ಅದಾರ ಅನ್ನೋ ವಿಚಾರಾನ ಇಲ್ಲ!"

"ಇಲ್ಲ."

ಅಕ್ಕೋರು ಇನ್ನೊಂದು ದಂಟು ಎತ್ತಿಕೊಂಡು ಎಲೆ ಬಿಡಿಸತೊಡಗಿದರು.

"ನೀ ಬಂದ್ ಮಾಡಿದ್ದು ಎಷ್ಟು ಓಣಿ, ಕಲ್ಮೇಶ?"

ಅವನು ಬೆರಳು ಮಡಚಿ ಎಣಿಸಹೋಗಿ ಬಿಟ್ಟ.

ಅಕ್ಕೋರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಕಲ್ಮೇಶ ಮೆಲ್ಲನೆ ತನ್ನ ಕೋಣೆಗೆ ನಡೆದ. ಸರ್ವರು ತಾನು ಒಳಗೆ ಬಿಡದ ಪತ್ರಗಳನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ಯಾವ ವಿಳಾಸದವರು ಯಾವ ಹೊತ್ತಿಗೆ ಬಂದು ತಟ್ಟಿದರು ಎಂಬ ಗುರುತು ಉಳಿದಿರುತ್ತದೆ. ಅಲ್ಲಿಯವರೆಗೆ ಅವನು ಅದನ್ನು ತೆರೆದು ನೋಡಿರಲಿಲ್ಲ. ನೋಡುವುದು ಏನಿದೆ, ಎಲ್ಲ ಕಸವೇ ಎಂದು ಬಿಟ್ಟಿದ್ದ.

ಹೆಚ್ಚಿನದು ಕಸವೇ ಆಗಿತ್ತು. ಒಂದೇ ನಿಮಿಷದಲ್ಲಿ ನೂರು ಸಲ ತಟ್ಟಿದ ಯಂತ್ರಗಳು. ಒಮ್ಮೆ ತಟ್ಟಿ ಮುಂದಿನ ಮನೆಗೆ ಹೋದ ಯಂತ್ರಗಳು.

ಒಂದು ವಿಳಾಸ ಮಾತ್ರ ಹಾಗಿರಲಿಲ್ಲ.

ಅದು ಒಂದು ಮುಂಜಾನೆ ತಟ್ಟಿತ್ತು. ಮರುದಿನ ಮತ್ತೆ ತಟ್ಟಿತ್ತು. ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಆಮೇಲೆ ಮತ್ತೊಮ್ಮೆ.

ಯಂತ್ರ ಹಾಗೆ ತಟ್ಟುವುದಿಲ್ಲ. ತಟ್ಟಿ, ಕಾದು, ಹಿಂಜರಿದು, ಮತ್ತೆ ಧೈರ್ಯ ತಂದುಕೊಂಡು ತಟ್ಟುವುದು ಮನುಷ್ಯನೇ.

ವಿಳಾಸದಲ್ಲಿ ಫಕೀರೇಶ ಎಂಬ ಹೆಸರಿತ್ತು. ಹೆಸರಿನ ಮುಂದೆ ಹೊನ್ನಾವರದ ಒಂದು ದೋಣಿ ಕಾರ್ಖಾನೆಯ ಹೆಸರು. ಆ ಕಾರ್ಖಾನೆಯ ಮೇಲ್ ಇದ್ದದ್ದು ಕಲ್ಮೇಶ ಮುಚ್ಚಿದ ಓಣಿಯೊಂದರಲ್ಲಿ.

ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಅಕ್ಕೋರ, ಫಕೀರೇಶ ಅಂದ್ರ ಯಾರ್ರಿ?"

ಅಕ್ಕೋರ ಕೈ ಒಗ್ಗರಣೆಯ ಸೌಟಿನ ಮೇಲೇ ನಿಂತಿತು.

"ನಿನಗ ಯಾರು ಹೇಳಿದ್ರು?"

"ಪತ್ರ ಬರದಾರ್ರಿ. ನಿಮಗ ಮುಟ್ಟಿಲ್ಲ. ನಾ ತಡದೀನಿ."

ಅಕ್ಕೋರು ಒಲೆ ಸಣ್ಣ ಮಾಡಿ ಮಣೆಯ ಮೇಲೆ ಕೂತರು.

"ನಿನಗಿಂತ ಮದಲ ಅಂವ ಇಲ್ಲಿದ್ದ. ಭಾಳ ಚಲೋ ಹುಡುಗ. ಕುಡೀತಿದ್ದ. ಬಿಡ್ತಿದ್ದ. ಮತ್ತ ಕುಡೀತಿದ್ದ. ಒಂದಿನ ಹೋಗಿಬಿಟ್ಟ."

"ಸಿಟ್ಟಾಗಿ ಹೋದ್ರೇನ್ರಿ?"

"ನಾಚಿಕೊಂಡು ಹೋದ. ಸಿಟ್ಟಾಗಿ ಹೋದವರು ಲಗೂನ ತಿರುಗಿ ಬರ್ತಾರ." ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಹೋಗೋ ಮುಂದ ಹೇಳಿದ್ದೆ. ಬರಬೇಕು ಅನ್ನಿಸಿದ ದಿನ ಒಂದು ಸಾಲು ಬರಿ, ನಾ ಉತ್ತರ ಬರೀತೀನಿ ಅಂತ."

ಕಲ್ಮೇಶ ಒಂದು ಹೆಜ್ಜೆ ಒಳಗೆ ಬಂದ.

"ಉತ್ತರ ಹೋಗೈತ್ರಿ," ಎಂದ.

"ಏನಂತ?"

ಅವನು ಹೇಳಲೇಬೇಕಾಯಿತು.

"ಈ ಆಶ್ರಮಕ್ಕೆ ನಿಮ್ಮ ಪತ್ರ ಬೇಕಾಗಿಲ್ಲ. ಮತ್ತೆ ಕಳಿಸಬೇಡಿ."

ಬೇಸರದಲ್ಲಿ ಬರೆದಾಗ ಅದು ಎರಡು ಸಾಲಿನ ಮಾತಾಗಿತ್ತು. ಈಗ ಆ ಅಡುಗೆಮನೆಯಲ್ಲಿ ಬಾಯಿಬಿಟ್ಟು ಹೇಳಿದಾಗ ಅದು ಬೇರೆಯೇ ಏನೋ ಆಗಿ ಕೇಳಿಸಿತು.

ಅಕ್ಕೋರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅವರು ಎದ್ದು ಕೈತೊಳೆದುಕೊಂಡು ಕಂಪ್ಯೂಟರಿನ ಮುಂದೆ ಹೋಗಿ ಕೂತರು. ಫಕೀರೇಶನಿಗೆ ಒಂದೇ ಅಕ್ಷರದ ಪತ್ರ ಬರೆದರು.

"ಬಾ."

ಕಲ್ಮೇಶ ಅದನ್ನು ಕಳಿಸಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅದು ವಾಪಸು ಬಂತು. ದೋಣಿ ಕಾರ್ಖಾನೆಯ ಸರ್ವರು ಆ ಬ್ಲಾಕ್‌ಲಿಸ್ಟನ್ನೇ ನಂಬಿತ್ತು.

ಅವನು ಅವರಿಗೆ ಬಾಗಿಲು ಮುಚ್ಚಿದ್ದ. ಈಗ ಅವರ ಬಾಗಿಲು ಇವನಿಗೆ ಮುಚ್ಚಿತ್ತು.

"ಫೋನ್ ಮಾಡ್ತೀನ್ರಿ. ಕಾರ್ಖಾನೆ ನಂಬರು ಹುಡುಕಿದ್ರ ಸಿಗ್ತೈತಿ."

"ಬ್ಯಾಡ."

"ಮತ್ತ?"

"ನನ್ನ ಹೆಸರಲೆ ಮಾತಾಡಿದವ ನೀ. ಈಗ ಹೋಗಿ ನಿನ್ನ ಮಾರಿ ತೋರಿಸಿ ಮಾತಾಡು."

ಕಲ್ಮೇಶ ಹೊರಡುವ ಮುಂಚೆ ಆ ಓಣಿಯನ್ನು ತೆರೆದ. ಬಸ್ಸು ಹಿಡಿದು ಶಿರಸಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಘಟ್ಟ ಇಳಿದ. ದಾರಿಯುದ್ದಕ್ಕೂ ಒಂದೇ ಹೆದರಿಕೆ. ಕುಡಿತದೊಡನೆ ಹೆಣಗಿ, ಮರಳಿ ಬರಬೇಕೆಂದು ಬರೆದವನಿಗೆ ಅಂಥ ಉತ್ತರ ಬಂದರೆ ಅವನು ಏನು ಮಾಡಿರಬಹುದು? ಹೊನ್ನಾವರದಲ್ಲಿ ತನಗೆ ಸಿಗುವುದು ಎಂಥ ಮನುಷ್ಯ? ಸಿಗುತ್ತಾನೋ ಇಲ್ಲವೋ?

ಕಾರ್ಖಾನೆ ಶರಾವತಿಯ ದಂಡೆಯ ಮೇಲಿತ್ತು. ತಗಡಿನ ಚಾವಣಿಯ ಕೆಳಗೆ ಒಂದು ದೋಣಿ ಬೋರಲು ಮಲಗಿತ್ತು. ನಡುವಯಸ್ಸಿನ ಗಂಡಸೊಬ್ಬ ಅದರ ಬೆನ್ನು ಉಜ್ಜುತ್ತಿದ್ದ. ಮೈತುಂಬ ಬಿಳಿ ಧೂಳು.

"ಫಕೀರೇಶ ಅನ್ನೋರು ನೀವೇನ್ರಿ?"

"ಹೌದು. ನಮ್ಮ ಕಡೆ ಮಾತು ಐತಲ್ಲ ನಿಂದು. ಎಲ್ಲಿಂದ ಬಂದಿ?"

"ಅಕ್ಕೋರ ಆಶ್ರಮದಿಂದ."

ಉಜ್ಜುತ್ತಿದ್ದ ಕೈ ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ನನ್ನ ಪತ್ರ ಬೇಕಾಗಿಲ್ಲ ಅಂತ ಉತ್ತರ ಬಂದೈತಿ. ಅದನ್ನ ಹೇಳಾಕ ಇಷ್ಟು ದೂರ ಬರಬೇಕಾಗಿತ್ತೇನು?"

"ಆ ಉತ್ತರ ಬರದವ ನಾನ್ರಿ."

"ಅಕ್ಕೋರು ಬರಿ ಅಂದ್ರು, ನೀ ಬರದಿ."

"ಅಕ್ಕೋರಿಗೆ ಗೊತ್ತೇ ಇಲ್ರಿ. ಕಸ ಕಳಸೋ ಯಂತ್ರಗಳಿಗೆ ಅಂತ ಬರದಿದ್ದೆ."

"ನಾ ಯಂತ್ರ ಅಲ್ಲ."

"ಅಲ್ರಿ," ಎಂದ ಕಲ್ಮೇಶ. ನೆಲ ನೋಡುತ್ತ ನಿಂತ.

ಫಕೀರೇಶ ಉಜ್ಜುವ ಕಾಗದವನ್ನು ದೋಣಿಯ ಮೇಲಿಟ್ಟು, ಕೈ ಕೊಡವಿ, ಒಂದು ಮರದ ದಿಮ್ಮಿಯ ಮೇಲೆ ಕೂತ. ಪಕ್ಕದಲ್ಲಿ ಜಾಗ ತೋರಿಸಿದ.

"ಮದಲನೇ ಸಲ ಆ ಉತ್ತರ ಬಂದ ದಿನ ಕುಡದೆ," ಎಂದ. "ಸುಳ್ಳ್ಯಾಕ ಹೇಳಲಿ. ಭಾಳ ಕುಡದೆ."

ಕಲ್ಮೇಶ ಕೂರಲಾರದೆ ನಿಂತೇ ಇದ್ದ.

"ಮುಂಜಾನೆ ಎದ್ದು ಮತ್ತೊಮ್ಮೆ ಓದಿದೆ. ಇದು ಅಕ್ಕೋರ ಮಾತಲ್ಲ ಅನ್ನಿಸ್ತು. ಅವರ ಕೈಯಾಗ ಅಷ್ಟು ವರ್ಷ ಇದ್ದೀನಿ, ಅವರು ಯಾರಿಗೂ ಬ್ಯಾಡ ಅಂದದ್ದು ಕೇಳಿಲ್ಲ. ಅದಕ್ಕ ಮತ್ತ ಬರದೆ. ಮತ್ತ ಅದೇ ಬಂತು. ಆವತ್ತು ಕುಡೀಲಿಲ್ಲ."

"ಮೂರನೇ ಸಲ ಯಾಕ ಬರದ್ರಿ?"

"ಅವರು ನನಗ ಎಷ್ಟು ಸಲ ಮತ್ತ ಮಾಡಿ ನೋಡು ಅಂದಾರ, ಲೆಕ್ಕ ಇಟ್ಟಿಲ್ಲ. ನಾ ಎರಡು ಸಲಕ್ಕ ಬಿಟ್ರ ಹ್ಯಾಂಗ?"

ನದಿಯ ಮೇಲಿಂದ ಗಾಳಿ ಬಂತು. ತಗಡು ಸದ್ದು ಮಾಡಿತು.

"ಅಕ್ಕೋರು ನಿಮಗ ಉತ್ತರ ಬರದಾರ್ರಿ," ಎಂದ ಕಲ್ಮೇಶ. "ಅದು ನಿಮಗ ಮುಟ್ಟಲಿಲ್ಲ. ಒಂದೇ ಅಕ್ಷರ."

"ಯಾವ ಅಕ್ಷರ?"

"ಬಾ."

ಫಕೀರೇಶ ಎದ್ದು ದೋಣಿಯ ಕಡೆ ಮುಖ ಮಾಡಿದ. ಉಜ್ಜುವ ಕಾಗದ ಎತ್ತಿಕೊಂಡ. ನುಣುಪಾಗಿದ್ದ ಜಾಗವನ್ನೇ ಬಹಳ ಹೊತ್ತು ಉಜ್ಜಿದ. ಅವನ ಬೆನ್ನು ಅಲುಗುತ್ತಿತ್ತು. ಅದು ಕೆಲಸದಿಂದಲೋ ಬೇರೆಯದರಿಂದಲೋ ಕಲ್ಮೇಶ ನೋಡಲು ಹೋಗಲಿಲ್ಲ.

ಕೊನೆಗೆ ಫಕೀರೇಶನೇ ಮಾತಾಡಿದ.

"ಇದನ್ನ ನೀರಿಗೆ ಇಳಿಸಿ ಬರ್ತೀನಿ. ಅರ್ಧಕ್ಕ ಬಿಟ್ಟು ಬಂದ ಕೆಲಸ ನನ್ನ ಬಾಳಿನಾಗ ಭಾಳ ಆಗ್ಯಾವ."

"ಹೇಳ್ತೀನ್ರಿ ಅಕ್ಕೋರಿಗೆ."

"ನೀ ಹೇಳಬ್ಯಾಡ. ನಾ ಬರೀತೀನಿ. ಬರದು ಬಾ ಅಂತ ಹೇಳ್ಯಾರ ನನಗ. ನಿನ್ನ ಬಾಗಿಲು ಈಗ ತಗದೈತೇನು?"

"ತಗದೀನ್ರಿ."

"ನೋಡೂಣು."

ಕಾರ್ಖಾನೆಯ ಕಂಪ್ಯೂಟರಿನಲ್ಲಿ ಅವನು ಧೂಳು ಹಿಡಿದ ಒಂದೇ ಬೆರಳಿನಿಂದ ಸಾಲೊಂದನ್ನು ಕುಟ್ಟಿ ಕಳಿಸಿದ. ಇಬ್ಬರೂ ಪರದೆ ನೋಡುತ್ತ ಕೂತರು. ಚಹಾ ಬಂತು. ಚಹಾ ಮುಗಿಯಿತು. ಏನೂ ವಾಪಸು ಬರಲಿಲ್ಲ.

"ಹೋಗೈತಿ," ಎಂದ ಕಲ್ಮೇಶ.

ಫಕೀರೇಶ ಮೊದಲ ಸಲ ನಕ್ಕ.

ಆಶ್ರಮಕ್ಕೆ ಮರಳಿದ ಕಲ್ಮೇಶ ಚೀಲ ಇಳಿಸುವ ಮುಂಚೆಯೇ ಸರ್ವರಿನ ಮುಂದೆ ಕೂತು ಎಲ್ಲ ಫಿಲ್ಟರುಗಳನ್ನೂ ಕಿತ್ತುಹಾಕಿದ. ಎಲ್ಲ ಓಣಿಗಳನ್ನೂ ತೆರೆದ. ಇನ್ನು ಯಾರೊಬ್ಬರೂ ಹೊರಗೆ ನಿಲ್ಲಬಾರದು ಎಂದುಕೊಂಡ.

ಮರುದಿನ ಬೆಳಗ್ಗೆ ಅಕ್ಕೋರು ಬಹಳ ಹೊತ್ತು ಕಂಪ್ಯೂಟರಿನ ಮುಂದೆ ಕೂತಿದ್ದರು.

"ಕಲ್ಮೇಶ, ಇದೇನು ಇಷ್ಟೊಂದು ಎಣ್ಣಿ?"

"ಎಲ್ಲಾರಿಗೂ ಬಾಗಿಲು ತಗದೀನ್ರಿ."

"ನಿನ್ನೆ ಯಾರೋ ಒಬ್ಬಾಕಿ ಮಗನ ವಿಚಾರ ಬರೀತೀನಿ ಅಂದಿದ್ಲು. ಆಕಿ ಪತ್ರ ಹುಡುಕಿ ಕೊಡು."

ಅವನು ಹುಡುಕಿದ. ಮಧ್ಯಾಹ್ನವಾದರೂ ಸಿಗಲಿಲ್ಲ. ಸಿಕ್ಕಾಗ ಅದು ತೂಕ ಇಳಿಸುವ ಪುಡಿಯ ಅಡಿಯಲ್ಲಿತ್ತು.

"ಬಾಗಿಲು ತಗದದ್ದು ಚಲೋ ಆತು," ಎಂದರು ಅಕ್ಕೋರು. "ಗ್ವಾಡಿ ಕೆಡವು ಅಂದೆನೇನು?"

ಕಲ್ಮೇಶ ಮತ್ತೆ ಕೂತ. ಈ ಸಲ ಅವಸರವಿರಲಿಲ್ಲ. ಫಿಲ್ಟರನ್ನು ಮರಳಿ ಹಾಕಿದ. ಓಣಿಗಳನ್ನು ಮುಚ್ಚಲಿಲ್ಲ. ಕಸ ಸುರಿಯುವ ಮನೆಗಳನ್ನು ಒಂದೊಂದಾಗಿ ಗುರುತಿಸಿ ಅವನ್ನಷ್ಟೇ ತಡೆದ. ಅನುಮಾನ ಬಂದ ಪತ್ರಗಳನ್ನು ಎಸೆಯದೆ ಬೇರೆ ಕಡೆ ಇಟ್ಟು, ದಿನವೂ ಹಾಲು ಕಾಯುವಷ್ಟು ಹೊತ್ತು ಅವುಗಳ ಮುಂದೆ ಕೂತು ನೋಡತೊಡಗಿದ. ಬೇಸರದ ಕೆಲಸ. ಮಾಡಿದ.

ಯಂತ್ರ ಕೊಡುವ ಉತ್ತರವನ್ನೂ ಬದಲಿಸಿದ.

"ನಿಮ್ಮ ಪತ್ರವನ್ನು ನಮ್ಮ ಯಂತ್ರ ಒಳಗೆ ಬಿಟ್ಟಿಲ್ಲ. ಯಂತ್ರ ತಪ್ಪಿರಬಹುದು. ದಯವಿಟ್ಟು ನನಗೆ ಫೋನ್ ಮಾಡಿ. ಕಲ್ಮೇಶ." ಕೆಳಗೆ ತನ್ನ ನಂಬರು.

ಕೆಲವರು ಮಾಡಿದರು. ಸವಣೂರಿನ ನಿವೃತ್ತ ಮಾಸ್ತರರೊಬ್ಬರು ಮಾಡಿದರು. ಅವರ ಪತ್ರದಲ್ಲಿ ಸಕ್ಕರೆ ಕಾಯಿಲೆಯ ಔಷಧಿಯ ಹೆಸರಿತ್ತು, ಯಂತ್ರ ಅದನ್ನು ಜಾಹೀರಾತು ಎಂದುಕೊಂಡಿತ್ತು. ಕೂದಲಿನ ಎಣ್ಣೆ ಮಾರುವವನೂ ಒಬ್ಬ ಮಾಡಿದ. ಕಲ್ಮೇಶ ಅವನ ಮಾತನ್ನೂ ಪೂರ್ತಿ ಕೇಳಿ, ಬೇಡ ಎಂದ. ಬಾಯಿಬಿಟ್ಟು ಹೇಳಿದ. ಎಣ್ಣೆಯವನು ಬೇಸರಿಸಿಕೊಳ್ಳಲಿಲ್ಲ.

ಇನ್ನು ಬ್ಲಾಕ್‌ಲಿಸ್ಟಿನ ಕೆಲಸ ಉಳಿದಿತ್ತು.

ಕಲ್ಮೇಶ ಪಟ್ಟಣಕ್ಕೆ ಹೋಗಿ ಇಂಟರ್ನೆಟ್ ಕಂಪನಿಯವರ ಜೊತೆ ಕೂತ. ಅವರೂ ಕೆಟ್ಟವರಾಗಿರಲಿಲ್ಲ. ಪಕ್ಕದ ನಂಬರಿನಲ್ಲಿ ಏನು ನಡೆಯುತ್ತಿದೆ ಎಂದು ಅವರು ನೋಡಿರಲಿಲ್ಲ, ಅಷ್ಟೇ. ಎಲ್ಲರೂ ಸೇರಿ ಹುಡುಕಿದರು. ಕಸ ಸುರಿಯುತ್ತಿದ್ದವನ ತಂತಿಯನ್ನು ಕಂಪನಿ ಕತ್ತರಿಸಿತು.

ಆಮೇಲೆ ಪಟ್ಟಿ ಇಟ್ಟವರಿಗೆ ಮತ್ತೊಮ್ಮೆ ಬರೆದ. ಮೊದಲಿನ ಪತ್ರಗಳಲ್ಲಿ ಸಿಟ್ಟು ಮಾತ್ರ ಇತ್ತು. ಈ ಸಲ ನಡೆದದ್ದನ್ನು ನಡೆದಂತೆ ಬರೆದ. ಕಸ ಎಲ್ಲಿಂದ ಬರುತ್ತಿತ್ತು, ಅದನ್ನು ಹೇಗೆ ನಿಲ್ಲಿಸಿದೆವು. ಕೊನೆಗೆ ಒಂದು ಸಾಲು ಸೇರಿಸಿದ. "ನಾನೂ ಇಲ್ಲಿ ಇದೇ ಕೆಲಸ ಮಾಡುತ್ತೇನೆ. ನಾನೂ ಓಣಿಗಳನ್ನು ಮುಚ್ಚಿದ್ದೆ. ನಿಮ್ಮ ಕಷ್ಟ ಗೊತ್ತು."

ಆ ಪತ್ರಕ್ಕೆ ಯಂತ್ರ ಉತ್ತರಿಸಲಿಲ್ಲ. ಯಾವುದೋ ದೂರದ ದೇಶದಿಂದ ಒಬ್ಬ ಹೆಂಗಸು ಉತ್ತರಿಸಿದಳು.

"ನಿಮ್ಮ ಪತ್ರ ಓದಿದೆ. ದಿನಕ್ಕೆ ಸಾವಿರಾರು ಬರುತ್ತವೆ, ಹೆಚ್ಚಿನವರು ಬೈಯುತ್ತಾರೆ. ನಿಮ್ಮ ಸಾಲಿನ ನಂಬರುಗಳು ಈಗ ಶಾಂತವಾಗಿವೆ. ಪಟ್ಟಿಯಿಂದ ತೆಗೆಯುವ ಮುಂಚೆ ಒಂದು ಪ್ರಶ್ನೆ. ಇನ್ನು ಮುಂದೆ ನಿಮ್ಮ ಕಡೆಯಿಂದ ಕೆಟ್ಟ ಪತ್ರ ಹೊರಡುವುದಿಲ್ಲ ಎಂದು ಭರವಸೆ ಕೊಡುತ್ತೀರಾ?"

ಕಲ್ಮೇಶನಿಗೆ ಕುಣಿಯುವಷ್ಟು ಸಂತೋಷವಾಯಿತು. ಉತ್ತರ ಬರೆಯಲು ಕೂತ.

ಭರವಸೆ ಕೊಡುವುದು ಹೇಗೆ? ನಾಳೆ ಯಾರದೋ ಪಾಸ್‌ವರ್ಡ್ ಕಳ್ಳರ ಕೈಗೆ ಸಿಗಬಹುದು. ಕಂಪನಿಯವರು ಪಕ್ಕದ ನಂಬರನ್ನು ಮತ್ತೊಬ್ಬ ಮೋಸಗಾರನಿಗೆ ಕೊಡಬಹುದು. ಕೊಡುತ್ತೇನೆ ಎಂದರೆ ಸುಳ್ಳು. ಇಲ್ಲ ಎಂದರೆ ಬಾಗಿಲು ತೆರೆಯುವುದಿಲ್ಲ. ನಿದ್ದೆ ಬಾರದ ಆ ಹುಡುಗಿಗೆ ಅಕ್ಕೋರ ಉತ್ತರ ಮುಟ್ಟುವುದಿಲ್ಲ.

ಅವನು ಅಕ್ಕೋರನ್ನು ಕೇಳಲೆಂದು ಹೊರಗೆ ಬಂದ.

ಅಂಗಳದ ಆಚೆ ಫಕೀರೇಶ ನಿಂತಿದ್ದ.

ದೋಣಿ ನೀರಿಗಿಳಿಯಿತು, ಹೊರಡುತ್ತಿದ್ದೇನೆ ಎಂದು ಹಿಂದಿನ ದಿನ ಅವನ ಪತ್ರ ಬಂದಿತ್ತು. ಹೆಗಲ ಮೇಲೆ ಒಂದು ಚೀಲ. ಒಗೆದ ಅಂಗಿ. ಅವನು ಒಳಗೆ ಬರದೆ ಅಲ್ಲೇ ನಿಂತಿದ್ದ. ಅಕ್ಕೋರು ಪಡಸಾಲೆಯ ಕಂಬ ಹಿಡಿದು ಅವನನ್ನೇ ನೋಡುತ್ತಿದ್ದರು.

"ಯಾಕ ಅಲ್ಲೇ ನಿಂತಿ?"

"ಒಳಗ ಬರೋ ಮದಲ ಒಂದು ಮಾತು ಹೇಳಬೇಕ್ರಿ, ಅಕ್ಕೋರ."

"ಹೇಳು."

"ಇನ್ನ ಮ್ಯಾಲೆ ಕುಡ್ಯೂದಿಲ್ಲ ಅಂತ ಆಣಿ ಮಾಡಾಕ ಆಗೂದಿಲ್ಲ. ಭಾಳ ಸಲ ಮಾಡಿ ಮುರದೀನಿ. ಈ ಸಲ ಸುಳ್ಳು ಹೇಳಿ ಒಳಗ ಬರೂದು ಬ್ಯಾಡ ಅಂತ ಮಾಡೀನಿ."

"ಇವತ್ತು ಕುಡದೀಯೇನು?"

"ಇಲ್ರಿ."

"ಕಾಲು ತೊಳಕೊಂಡು ಬಾ. ರೊಟ್ಟಿ ಆರಾಕತ್ತಾವ."

ಫಕೀರೇಶ ಕಾಲು ತೊಳೆದ. ಮುಖಕ್ಕೂ ನೀರು ಹಾಕಿಕೊಂಡ, ಬಹಳ ಹೊತ್ತು ಹಾಕಿಕೊಂಡ. ಆಮೇಲೆ ಒಳಗೆ ಬಂದು ಕೂತ. ಕಲ್ಮೇಶ ಅವನ ಪಕ್ಕದಲ್ಲಿ ಮಣೆ ಹಾಕಿಕೊಂಡ.

ಅಕ್ಕೋರು ಬಡಿಸತೊಡಗಿದರು.

"ಅಕ್ಕೋರ," ಎಂದ ಕಲ್ಮೇಶ. "ಆ ಪಟ್ಟಿಯವರು ಉತ್ತರ ಬರದಾರ್ರಿ. ಇನ್ನ ಮುಂದ ನಮ್ಮ ಕಡೆಯಿಂದ ಏನೂ ಕೆಟ್ಟದ್ದು ಬರೂದಿಲ್ಲ ಅಂತ ಭರವಸೆ ಕೇಳ್ಯಾರ. ಕೊಡಾಕ ಬರೂದಿಲ್ಲ. ಕೊಡದಿದ್ರ ಬಾಗಿಲು ತಗ್ಯೂದಿಲ್ಲ. ಏನಂತ ಬರೀಲಿ?"

ಅಕ್ಕೋರು ಫಕೀರೇಶನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ತಲೆಯೆತ್ತದೆ ಹೇಳಿದರು.

"ನಾಳಿಂದು ಗೊತ್ತಿಲ್ಲ, ಇವತ್ತು ಎಚ್ಚರ ಅದೀನಿ ಅಂತ ಬರಿ."